ರೂತಳ ಮನೆಯವರು

ವಾಷಿಂಗ್ಟನ್
14 ಅಕ್ಟೋಬರ್ 2022

ಪೂಜ್ಯ ಫಾದರ್ ಪಿರೇರಾ ಅವರಿಗೆ ನಮಸ್ಕಾರಗಳು.

ನಿಮ್ಮ ಚರ್ಚಿನ ಶಾಲೆ ಮುಚ್ಚಿದ ಮೇಲೆ ಆ ಕಟ್ಟಡದಲ್ಲಿ ನಾನು ಡೇಕೇರ್ ನಡೆಸುತ್ತಿರುವುದು ನಿಮಗೆ ಗೊತ್ತೇ ಇದೆ. ಈಗ ನಿಮ್ಮಿಂದ ಒಂದು ಸಹಾಯ ಬೇಕಾಗಿದೆ.

ಸೋಮವಾರ ಬೆಳಿಗ್ಗೆ ನಾಲ್ಕು ವರ್ಷದ ನಿಧಿ ಬಾಗಿಲ ಕಡೆ ಕೈ ತೋರಿಸಿ, "ಆಂಟಿ, ರೂತ್ ಒಳಗೆ ಬರ್ಬಹುದಾ? ಶಿ ಈಸ್ ವೇಟಿಂಗ್" ಎಂದಳು. ಅಲ್ಲಿ ಯಾರೂ ಇರಲಿಲ್ಲ. ಆದರೆ ಉಳಿದ ಮಕ್ಕಳೂ ಆ ಕಡೆಗೇ ನೋಡುತ್ತಿದ್ದರು.

ಮಧ್ಯಾಹ್ನ ಅವರು ಮಲಗಿದಾಗ, ಬೀರುವಿನಲ್ಲಿ ಉಳಿದಿದ್ದ ಶಾಲೆಯ ಹಳೆಯ ಪ್ರವೇಶ ಪುಸ್ತಕ ತೆಗೆದು ನೋಡಿದೆ. 1934ರ ಪುಟದಲ್ಲಿ ರೂತ್ ಎಂಬ ಆರು ವರ್ಷದ ಹುಡುಗಿಯ ಹೆಸರಿತ್ತು. ಪಕ್ಕದಲ್ಲಿ, "ಕಪ್ಪು ಜನಾಂಗದ ಮಗು, ಸೇರಿಸಿಕೊಳ್ಳುವಂತಿಲ್ಲ" ಎಂದು ಬರೆದಿದ್ದರು. ಅವಳ ತಂದೆತಾಯಿ ಇದೇ ಚರ್ಚಿನವರು ಎಂದೂ ಅಲ್ಲೇ ಇತ್ತು. ಮರುವರ್ಷದ ಪುಟದಲ್ಲಿ ಅದೇ ಹೆಸರಿನ ಮುಂದೆ, ಮಗು ತೀರಿಕೊಂಡಿದೆ ಎಂದಿತ್ತು.

ಮಂಗಳವಾರ ನಾನು ಬಾಗಿಲು ತೆರೆದು, "ಬಾಮ್ಮ" ಎಂದೆ. ಮಕ್ಕಳು ಸರಿದು ಜಾಗ ಮಾಡಿಕೊಟ್ಟರು. ಯಾರೂ ಕೂರದ ಒಂದು ಪುಟ್ಟ ಕುರ್ಚಿ ಅಂದಿನಿಂದ ಮುಟ್ಟಿದರೆ ಬೆಚ್ಚಗಿರುತ್ತದೆ.

ಈಗಿನ ಕಷ್ಟ ಬೇರೆ. ಸಂಜೆ ತಾಯಂದಿರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ನಿನ್ನೆ ನಿಧಿ ಹೊರಡುವಾಗ, "ಆಂಟಿ, ರೂತ್ ಅಳ್ತಾ ಇದಾಳೆ. ಅವಳ ಮಮ್ಮಿ ಬಂದಿಲ್ಲ" ಎಂದಳು.

ಆ ತಾಯಿಯನ್ನು ಎಲ್ಲಿ ಸಮಾಧಿ ಮಾಡಿದ್ದಾರೆಂದು ಚರ್ಚಿನ ರಿಜಿಸ್ಟರ್ ನೋಡಿ ದಯವಿಟ್ಟು ತಿಳಿಸಿ. ದೂರವಾದರೂ ಚಿಂತೆಯಿಲ್ಲ. ನನ್ನ ಕಾರಿನಲ್ಲಿ ಮಕ್ಕಳ ಸೀಟು ಇದೆ. ರೂತಳನ್ನು ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ.

ನಿಮ್ಮ ಉತ್ತರಕ್ಕೆ ಕಾದಿರುವ,
ಕಾತ್ಯಾಯಿನಿ