ಎಡಗಡೆ ಹಾಸಿಗೆಗೆ ಒಪ್ಪಿಗೆ ಇಲ್ಲ

ಲಾಂಡ್ರಿಯ ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೧೪

ಮುದ್ದು ತಮ್ಮನಿಗೆ,

ಅಕ್ಕನ ಆಶೀರ್ವಾದ, ಅದರ ಜೊತೆಗೆ ಕಿವಿಗೊಂದು ಹಿಂಡು. ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿದ್ದೀಯೋ ಇಲ್ಲವೋ ಅಂತ ಪೇಪರ್ ನೋಡಿ ತಿಳಿದುಕೊಳ್ಳುವ ಗತಿ ನನಗೆ ಬಂದಿದೆ, ಏಕೆಂದರೆ ಫೋನಿನಲ್ಲಿ ನೀನು 'ಹೂಂ' ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಕಾಗದದಲ್ಲಿ ಮಾತ್ರ ನಿನಗೆ ಬಾಯಿ. ಆ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬಾಯ್ಲರ್ ಕೆಟ್ಟಿತ್ತು, ಹೋಟೆಲಿನವರ ಬೆಡ್‌ಶೀಟು ರಾಶಿ ಬಿದ್ದಿತ್ತು ಅಂತ ಬರೆಯಬಹುದು. ಎರಡೂ ನಿಜವೇ. ಆದರೆ ಅಸಲು ಕಾರಣ ಸಿಟ್ಟು. ಪೆನ್ನು ಹಿಡಿದಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು. ಈಗ ಸ್ವಲ್ಪ ಇಳಿದಿದೆ, ಅದಕ್ಕೇ ಕೂತಿದ್ದೇನೆ.

ಮೊದಲು ಮನೆಯ ಸುದ್ದಿ. ಇವನು ದಪ್ಪಗಾಗಿದ್ದಾನೆ. ಇವನು ಅಂದರೆ, ಇಲ್ಲಿ ನನ್ನ ಹತ್ತಿರ ಉಳಿದ ನೀನು. ಇದ್ದೊಬ್ಬ ತಮ್ಮ ಇಬ್ಬರಾದ ಮೇಲೆ ಯಾರನ್ನು ಏನಂತ ಕರೆಯಬೇಕೋ ನನಗೆ ಇನ್ನೂ ಹೊಳೆದಿಲ್ಲ. ಹಾಗಾಗಿ ಕಣ್ಣೆದುರಿಗೆ ಇರುವವನು ಇವನು, ಬಂದರಿನಲ್ಲಿ ಇರುವವನು ನೀನು. ನೀವಿಬ್ಬರೂ ಊರು ಕಾಯುವ ಒಬ್ಬನೇ ಗಗನವೀರ ಆಗಿದ್ದ ಕಾಲದಲ್ಲಿ ದಿಟ್ಟಿಸಿ ನೋಡಿದರೆ ಕಬ್ಬಿಣದ ಬಾಗಿಲು ಕರಗುತ್ತಿತ್ತು. ಅದರಲ್ಲಿ ಅರ್ಧ ಈಗ ಇವನ ಪಾಲಿಗೆ ಉಳಿದಿದೆ. ಅದು ಶರಟಿನ ಕಾಲರ್ ಗರಿಗರಿ ಮಾಡಲು ಹೇಳಿ ಮಾಡಿಸಿದ ಹಾಗಿದೆ. ಕರೆಂಟು ಹೋದರೂ ನಮ್ಮ ಅಂಗಡಿಯಲ್ಲಿ ಇಸ್ತ್ರಿ ನಿಲ್ಲುವುದಿಲ್ಲ. ಹಾರಾಟ ಅಷ್ಟಕ್ಕಷ್ಟೆ. ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಮಹಡಿಗೆ ಹಾರಿದರೆ ಏದುಸಿರು ಬಿಡುತ್ತಾನೆ. 'ಮೆಟ್ಟಿಲು ಇದೆಯಲ್ಲೋ' ಅಂದರೆ ಕೇಳುವುದಿಲ್ಲ.

ಮೂಲೆಯ ಔಷಧಿ ಅಂಗಡಿಯವಳಿಗೆ, ಅಂದರೆ ಇವನ ಹೆಂಡತಿಗೆ, ಈಗ ಏಳನೇ ತಿಂಗಳು. ಹುಟ್ಟುವ ಮಗು ಹಾರುತ್ತದೋ ಇಲ್ಲವೋ ಅಂತ ಬೀದಿಯವರಿಗೆಲ್ಲ ಯೋಚನೆ ಹತ್ತಿದೆ. "ಹಾರಲಿ ಬಿಡಿ, ಕಿಟಕಿಗೆ ಜಾಲರಿ ಹಾಕಿಸ್ತೀನಿ" ಅಂತಾಳೆ ಅವಳು. ನನಗೆ ಬಹಳ ಹಿಡಿಸಿದ ಹುಡುಗಿ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಬೀಳುತ್ತಿದ್ದ ಕ್ರೇನನ್ನು ನೀನು ಒಂದು ತುದಿಯಲ್ಲಿ ಹಿಡಿದದ್ದು, ಅದನ್ನು ನಡೆಸುವ ಹೆಂಗಸು ಇಳಿಯುವವರೆಗೆ ಹೊತ್ತು ನಿಂತದ್ದು, ಅಷ್ಟರಲ್ಲಿ ಇನ್ನೊಂದು ತುದಿ ಜಾರಿ ಹಮಾಲಿಯೊಬ್ಬನ ಕಾಲು ಹೋದದ್ದು, ಎಲ್ಲ ಓದಿದೆ. 'ನಾನು ಪೂರ್ತಿ ಇದ್ದಿದ್ದರೆ ಆ ಕಾಲು ಉಳಿಯುತ್ತಿತ್ತು ಅಕ್ಕಾ' ಅಂತ ಬರೆದಿದ್ದೀಯ. ಅಲ್ಲಿಯವರೆಗೆ ಬರೆದವನು ನನ್ನ ತಮ್ಮ. ಅದರ ಮುಂದಿನ ಪುಟ ಯಾವ ಪೆದ್ದ ಬರೆದನೋ ನನಗೆ ಗೊತ್ತಿಲ್ಲ.

ಪ್ರಯೋಗಾಲಯದ ಡಾಕ್ಟರಮ್ಮ ನಿಮ್ಮಿಬ್ಬರನ್ನು ಮತ್ತೆ ಒಬ್ಬನನ್ನಾಗಿ ಮಾಡಬಲ್ಲರಂತೆ. ಎರಡು ಹಾಸಿಗೆಯಂತೆ, ನಡುವೆ ಯಂತ್ರವಂತೆ. ಎಡಗಡೆ ಮಲಗಿದವನು ಬಲಗಡೆಯವನೊಳಗೆ ಸೇರಿಹೋಗುತ್ತಾನಂತೆ. ಶಕ್ತಿಯೆಲ್ಲ ಒಂದಾಗುತ್ತದೆ, ಆದರೆ ನೀವು ಇಬ್ಬರಾದ ಮೇಲೆ ಎಡಗಡೆಯವನು ಬದುಕಿದ ದಿನಗಳೆಲ್ಲ ಅಳಿಸಿಹೋಗುತ್ತವೆ. 'ಎಡಗಡೆ ನಾನು ಮಲಗುತ್ತೇನೆ. ಅವನಿಗೆ ಸಂಸಾರ ಇದೆ, ನನಗೇನಿದೆ? ನಾನು ಆ ಬೆಂಕಿಯಲ್ಲಿ ಅವನಿಂದ ಉದುರಿದ ಚೂರು ತಾನೇ. ನೀನು ಅವನನ್ನು ಒಪ್ಪಿಸು ಅಕ್ಕಾ' ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟೆಯೋ! ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟ ಹಾಗೆ.

ಉದುರಿದ ಚೂರಂತೆ! ಅವತ್ತು ಸೇತುವೆಯ ಮೇಲೆ ರೈಲು ಜೋಲಾಡುತ್ತಿತ್ತು, ಅದೇ ಹೊತ್ತಿಗೆ ಶಾಲೆಗೆ ಬೆಂಕಿ ಹತ್ತಿತ್ತು. ಎರಡೂ ಕಡೆ ಹೋಗಲೇಬೇಕು ಅಂತ ನೀನು ಹಠ ಹಿಡಿದು, ಹತ್ತಿರದ ದಾರಿ ಅಂತ ಉರಿಯುತ್ತಿದ್ದ ವಿದ್ಯುತ್ ಸ್ಥಾವರದ ನಡುವೆಯೇ ನುಗ್ಗಿದೆ. ಒಳಗೆ ಹೋದವನು ಒಬ್ಬ, ಹೊರಗೆ ಬಂದವರು ಇಬ್ಬರು. ಒಬ್ಬ ರೈಲಿನ ಕಡೆ ಹೋದ, ಒಬ್ಬ ಶಾಲೆಯ ಕಡೆ ಹೋದ. ಸಂಜೆ ಇಬ್ಬರೂ ಮಸಿ ಮುಖ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದು, ಒಂದೇ ದನಿಯಲ್ಲಿ "ಅಕ್ಕಾ, ಹಸಿವು" ಅಂದಿರಿ. ಒಂದೇ ಕುರ್ಚಿಗೆ ಇಬ್ಬರೂ ಕೂರಲು ಹೋಗಿ ಅದರ ಕಾಲು ಮುರಿದಿರಿ. ಯಾರಿಂದ ಯಾರು ಉದುರಿದ್ದು ಅಂತ ತೊಟ್ಟಿಲಿನಿಂದ ನಿನ್ನನ್ನು ನೋಡಿದ ನನಗೇ ತಿಳಿಯಲಿಲ್ಲ, ನಿನಗೆ ಹೇಗೆ ತಿಳಿಯಿತಪ್ಪಾ? ಬಂದರಿನವರು ನಮಗೂ ಒಬ್ಬ ವೀರ ಬೇಕು ಅಂತ ಕೇಳಿದಾಗಲೂ ಅಷ್ಟೇ. ಇಬ್ಬರೂ "ನಾನು ಹೋಗ್ತೀನಿ" ಅಂದಿರಿ, ಇಬ್ಬರೂ ಚೀಲ ಕಟ್ಟಿದಿರಿ. ನಾಣ್ಯ ಚಿಮ್ಮೋಣ ಅಂದರೆ ಇಬ್ಬರೂ ಹೆಡ್ಸ್ ಅಂದಿರಿ. ಕೊನೆಗೆ ಬಾಗಿಲಿಗೆ ಹತ್ತಿರ ನಿಂತಿದ್ದವನು ಹೊರಟ. ಅದು ನೀನು. ಅಷ್ಟೇ ಕಣೋ ವ್ಯತ್ಯಾಸ.

ಅಷ್ಟೇ ಅಂತ ಬರೆದೆ, ಆದರೆ ಅದೂ ಪೂರ್ತಿ ಸರಿಯಲ್ಲ. ನೀನು ಹೊರಡುವ ಮುಂಚೆ ಇಬ್ಬರಿಗೂ ಬೆಡ್‌ಶೀಟು ಮಡಚುವ ಕೆಲಸ ಕೊಟ್ಟಿದ್ದೆನಲ್ಲ. ಎದುರುಬದುರು ನಿಂತು ಇಬ್ಬರೂ ಒಟ್ಟಿಗೆ ಬಲಗೈ ಎತ್ತುತ್ತಿದ್ದಿರಿ. ಎದುರಿನವನ ಬಲ ನಿನಗೆ ಎಡ ತಾನೇ? ಶೀಟು ಹಗ್ಗದ ಹಾಗೆ ತಿರುಚಿಕೊಳ್ಳುತ್ತಿತ್ತು. ತಪ್ಪಾಯಿತು ಅಂತ ಇಬ್ಬರೂ ಒಟ್ಟಿಗೆ ಎಡಗೈ ಎತ್ತುತ್ತಿದ್ದಿರಿ, ಮತ್ತೆ ಹಗ್ಗ. ಆಮೇಲೆ ಇಬ್ಬರೂ ಒಟ್ಟಿಗೆ ಬಗ್ಗಿ ಹಣೆಗೆ ಹಣೆ ಡಿಕ್ಕಿ. ನಾನು ನಕ್ಕು ನಕ್ಕು ಸೋಪಿನ ಡಬ್ಬದ ಮೇಲೆ ಕೂತುಬಿಡುತ್ತಿದ್ದೆ. ಒಂದು ಬೆಳಿಗ್ಗೆ ನೀನು ಕೈ ಎತ್ತದೆ ಸುಮ್ಮನೆ ನಿಂತೆ. ಇವನು ಯಾವ ಕೈ ಎತ್ತುತ್ತಾನೆ ಅಂತ ನೋಡಿ, ಆಮೇಲೆ ನಿನ್ನದನ್ನು ಎತ್ತಿದೆ. ಶೀಟು ನೇರವಾಗಿ ಮಡಚಿಕೊಂಡಿತು. ಇವನು ಅವತ್ತೂ ಕಾಯಲಿಲ್ಲ, ಇವತ್ತೂ ಕಾಯುವುದಿಲ್ಲ. ಕಾಯುವವನು ನೀನು. ಬೆಂಕಿಯ ದಿನ ಅಲ್ಲ, ನಾನು ಇಬ್ಬರು ತಮ್ಮಂದಿರ ಅಕ್ಕ ಆದದ್ದು ಆ ಬೆಳಿಗ್ಗೆ.

ಅಲ್ಲಿಂದ ಮುಂದೆ ನೀನು ಎಷ್ಟು ಬೇರೆಯಾದೆ! ಇವನಿಗೆ ಬಕೆಟ್ಟಿನ ನೀರು ಕಂಡರೂ ಪುಕಪುಕ, ನೀನು ಹೋಗಿ ಸಮುದ್ರದಲ್ಲಿ ಈಜು ಕಲಿತೆ. ಆ ಕ್ರೇನಿನ ಹೆಂಗಸಿನ ಜೊತೆ ಚದುರಂಗ ಆಡುತ್ತೀಯ, ಸೋಲುತ್ತೀಯ, ಸೋತದ್ದನ್ನು ಹೆಮ್ಮೆಯಿಂದ ಎರಡೆರಡು ಪುಟ ಬರೆಯುತ್ತೀಯ. ಇತ್ತೀಚೆಗೆ ಚದುರಂಗ ಕಡಿಮೆಯಾಗಿ ಅವಳ ಸುದ್ದಿ ಜಾಸ್ತಿಯಾಗಿದೆ. ಅಕ್ಕನಿಗೆ ಅಷ್ಟೂ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ನನಗೇನಿದೆ ಅಂತ ಬರೆಯುವ ಮುಂಚೆ ಅವಳನ್ನು ಒಂದು ಮಾತು ಕೇಳಬೇಕಿತ್ತು. ಯಂತ್ರ ನಿಂತ ಮೇಲೆ ಅವಳು ಎದುರಿಗೆ ಬಂದರೆ ನೀನು "ಯಾರು ನೀವು?" ಅನ್ನುತ್ತೀಯ. ಅದನ್ನು ಯೋಚಿಸಿದ್ದೀಯಾ?

ನಿನ್ನ ಕಾಗದ ಇವನಿಗೆ ತೋರಿಸಬಾರದು ಅಂತಿದ್ದೆ. ತಡೆಯಲಾರದೆ ತೋರಿಸಿದೆ. ನಿಂತಲ್ಲೇ ಓದಿದ. ಓದುತ್ತ ಓದುತ್ತ ಕಣ್ಣು ಕಾದು ಕಾಗದದ ಅಂಚು ಕಂದುಹೋಯಿತು. "ಅವನು ಹೇಳೋದು ಸರಿ ಅಕ್ಕಾ," ಅಂದ. "ಸೇರ್ಕೊಳ್ಳೋಣ. ಆದ್ರೆ ಎಡಗಡೆ ಮಲಗೋದು ನಾನು. ಅವನು ಊರಿಗೆ ಬೇಕಾದವನು. ಬಟ್ಟೆ ಒಗೆಯೋ ನಾನು ಯಾರಿಗೆ ಬೇಕು?"

ಇವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಯಾರಿಗೆ ಬೇಕು ಅಂತ ನನ್ನ ಮುಂದೆ ಇನ್ನೊಂದು ಸಲ ಹೇಳಿ ನೋಡೋಣ," ಅಂದಳು. "ಆಡೋ ಮಕ್ಕಳು ಹಾಸಿಗೆಗೆ ಜಗಳ ಆಡೋದು ನೋಡಿದೀನಿ. ಬೆಳೆದ ಗಂಡಸರು ಸಾಯೋ ಹಾಸಿಗೆಗೆ ಜಗಳ ಆಡೋದನ್ನ ಈ ಮನೇಲೇ ನೋಡಿದ್ದು!" ಅಷ್ಟು ಹೇಳಿ ಅತ್ತಳು. ಇವನೂ ಅತ್ತ. ಬಾಯ್ಲರ್ ಒಂದನ್ನು ಬಿಟ್ಟು ಅಂಗಡಿಯಲ್ಲಿ ಎಲ್ಲರೂ ಅತ್ತೆವು.

ಹೋದ ವಾರ ಡಾಕ್ಟರಮ್ಮ ಖುದ್ದಾಗಿ ಬಂದಿದ್ದರು. ಒಳ್ಳೆಯವರು. ಮನೆಯವರೆಲ್ಲ ಒಪ್ಪದೆ ಯಂತ್ರ ಮುಟ್ಟುವುದಿಲ್ಲ ಅಂದರು. "ಹಾಗಾದ್ರೆ ಕೇಳಿ ಡಾಕ್ಟ್ರೇ," ಅಂದೆ, "ಎಡಗಡೆ ಹಾಸಿಗೆಗೆ ನನ್ನ ಒಪ್ಪಿಗೆ ಇಲ್ಲ. ಅದರಲ್ಲಿ ಯಾರೇ ಮಲಗಲಿ." ಅವರು ನನ್ನ ಕೈ ಹಿಡಿದುಕೊಂಡರು, ಆಮೇಲೆ ತಂದಿದ್ದ ಕಾಗದಪತ್ರ ಚೀಲಕ್ಕೆ ಹಾಕಿಕೊಂಡು ಹೋದರು.

ಕ್ರೇನಿಗೆ ಎರಡು ತುದಿ ಇರುತ್ತದೆ ತಮ್ಮಾ. ಪೂರ್ತಿ ಇದ್ದರೂ ನೀನು ಒಂದೇ ಕಡೆ ನಿಲ್ಲುತ್ತಿದ್ದೆ. ಇನ್ನು ಮೇಲೆ ಅಂಥದ್ದೇನಾದರೂ ಬಂದರೆ ಮೊದಲು ಫೋನ್ ಮಾಡು, ಇನ್ನೊಂದು ತುದಿ ಹಿಡಿಯಲು ಇವನು ಬರುತ್ತಾನೆ. ನಿಧಾನವಾಗಿ ಹಾರುತ್ತಾನೆ, ದಾರಿಯಲ್ಲಿ ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಾನೆ, ಆದರೆ ಬರುತ್ತಾನೆ. ಆಗಲೂ ಎಲ್ಲರೂ ಉಳಿಯುತ್ತಾರೆ ಅಂತ ನಾನು ಹೇಳುವುದಿಲ್ಲ. ನೀವು ಒಬ್ಬನೇ ಆಗಿದ್ದಾಗಲೂ ಎಲ್ಲರೂ ಉಳಿದಿರಲಿಲ್ಲ. ಆ ಹಮಾಲಿಯನ್ನು ಹೋಗಿ ನೋಡು, ಅವನ ಪಕ್ಕದಲ್ಲಿ ಕೂತುಕೋ, ಅವನು ಬೈದರೆ ಬೈಸಿಕೋ. ನೀನು ಅಳಿಸಿಹೋದರೆ ಅವನಿಗೆ ಕಾಲು ಬರುವುದಿಲ್ಲ.

ಮಗು ಹುಟ್ಟುವ ಹೊತ್ತಿಗೆ ರಜ ಹಾಕಿ ಬಾ. ನೀನು ಅದಕ್ಕೆ ದೊಡ್ಡಪ್ಪನೋ ಚಿಕ್ಕಪ್ಪನೋ ಇಲ್ಲಿ ಯಾರಿಗೂ ಬಗೆಹರಿಯುತ್ತಿಲ್ಲ, ದಿನಾ ಜಗಳ. ಬರುವಾಗ ಆ ಚದುರಂಗದವಳನ್ನೂ ಕರೆದುಕೊಂಡು ಬಾ, ನಾನೂ ಅವಳ ಕೈಲಿ ಸೋತು ನೋಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಒದ್ದೆ ಬಟ್ಟೆಯಲ್ಲಿ ಹಾರಬೇಡ. ನೂರು ವರ್ಷ ಬಾಳು. ಇಬ್ಬರಿಗೂ ಸೇರಿಸಿ ನೂರಲ್ಲ, ತಲಾ ನೂರು.

ನಿನ್ನನ್ನು ಬೈದು ಬೈದು ಸುಸ್ತಾದ,
ಅಕ್ಕ

ತಾ.ಕ.: ಅಂಟಿಸುವ ಮುಂಚೆ ಓದಿ ನೋಡಿದೆ. ಬೈದದ್ದೇ ಆಯಿತು, ಹೇಳಬೇಕಾದ್ದನ್ನು ಹೇಳಲಿಲ್ಲ. ಅಮ್ಮ ಹೋದಾಗ ನೀನು ತೀರ ಚಿಕ್ಕವನು, ನಿನಗೆ ನೆನಪಿರಲಿಕ್ಕಿಲ್ಲ. ಮನೆ ತುಂಬ ಜನ ಬಂದರು, ನನ್ನನ್ನು ಮನಸಾರೆ ಅಳಲು ಬಿಟ್ಟರು, ಬೀದಿಯವರು ಎಷ್ಟೋ ದಿನ ದನಿ ತಗ್ಗಿಸಿ ಮಾತಾಡಿದರು. ಹಾಗಾಗಿ ಹೇಗೋ ತಡೆದುಕೊಂಡೆ. ನೀನು ಆ ಹಾಸಿಗೆಯಲ್ಲಿ ಮಲಗಿದರೆ ನನಗೆ ಅಷ್ಟೂ ಇಲ್ಲ. ಯಾರೂ ಸತ್ತಿರುವುದಿಲ್ಲ. ಗಗನವೀರ ಪೂರ್ತಿಯಾದ ಅಂತ ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಒಬ್ಬಳೇ ಈ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ನಿನಗಾಗಿ ಅಳುತ್ತಿರುತ್ತೇನೆ. ಆಗ ನಿನ್ನದೇ ಮುಖ, ನಿನ್ನದೇ ದನಿ ಬಾಗಿಲಿಗೆ ಬಂದು "ಯಾಕಕ್ಕಾ ಅಳ್ತಿದೀಯಾ? ನಾನು ಇಲ್ಲೇ ಇದೀನಲ್ಲ" ಅನ್ನುತ್ತದೆ. ಅದಕ್ಕೆ ನಾನು ಏನಂತ ಉತ್ತರ ಹೇಳಲೋ?