ಕೆಂಪುಕಣ್ಣಿನ ಮೇಲೆ ಬಾಜಿ ಕಟ್ಟಿದ ಊರಿನಿಂದ

ಮಾನ್ಯ ಪ್ರಾಂತ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ನದಿಯ ಮಂಜುಗಡ್ಡೆ ನಾನು ಹೂಂ ಅನ್ನುವವರೆಗೆ ಒಡೆಯುವುದಿಲ್ಲ. ನಲವತ್ತು ವಸಂತಗಳಿಂದ ಅದು ನಾನು ಹೇಳಿದ ದಿನವೇ ಒಡೆಯುತ್ತಾ ಬಂದಿದೆ. ನಾನು ಬಾಜಿಯಲ್ಲಿ ಸೋತದ್ದನ್ನು ಕಂಡವರು ಈ ಉತ್ತರ ಸೀಮೆಯಲ್ಲಿ ಯಾರೂ ಬದುಕಿಲ್ಲ. ಅಂಥವನು ನಿಮಗೆ ಪತ್ರಿಕೆಯಲ್ಲಿ ಬಹಿರಂಗವಾಗಿ ದೂರು ಬರೆಯುತ್ತಿದ್ದಾನೆ ಎಂದರೆ ಸಂಗತಿ ಸಣ್ಣದಲ್ಲ. ನಿಮ್ಮ ಆಸ್ಪತ್ರೆ ನನ್ನ ತಂಗಿಯ ಮೊಮ್ಮಗಳನ್ನು, ಕಣ್ಣಿಗೆ ದೀಪ ಹಿಡಿದು ನೋಡದೆ ಮನೆಗೆ ಕಳಿಸಿತು. ನೀವು ಬಿಟ್ಟ ಆ ಕೆಲಸವನ್ನು ಕೊನೆಗೆ ನಮ್ಮೂರಿನ ಜೂಜು ಮಾಡಿತು.

ನನ್ನ ತಂಗಿ ಎಫಿಯ ಮಗಳು ಲೋರ್ನಾ ನಮ್ಮೂರಿನ ಎಲ್ಲ ಬಸುರಿಯರ ಹಾಗೆ ವಿಮಾನ ಹತ್ತಿ ನಿಮ್ಮ ದೊಡ್ಡಾಸ್ಪತ್ರೆಗೆ ಹೋದಳು. ಹೆರಿಗೆ ಕಷ್ಟವಾಯಿತು, ಇಕ್ಕಳ ಹಾಕಿ ಮಗುವನ್ನು ತೆಗೆದರು. ಅದಕ್ಕೆ ನನ್ನ ತಕರಾರಿಲ್ಲ. ತಾಯಿ ಮಗು ಇಬ್ಬರೂ ಉಳಿದರು, ಇಕ್ಕಳ ಹಿಡಿದ ಕೈಗೆ ಶರಣು. ಮಗು ಮರಿಯೆಟ್ ಮನೆಗೆ ಬಂದಾಗ ಅವಳ ಎಡಗಣ್ಣಿನ ಬಿಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೆಂಪು ಚುಕ್ಕೆಯಾಗಿತ್ತು. "ರೆಪ್ಪೆ ಊದಿದೆ, ಒಳಗಡೆ ಆಮೇಲೆ ಊರಲ್ಲೇ ನೋಡಿಸಿ, ಈ ಕೆಂಪು ತಾನಾಗೇ ಹೋಗತ್ತೆ" ಎಂದು ಕಳಿಸಿದ್ದರಂತೆ. ಊರಲ್ಲಿ ನೋಡುವವರು ಯಾರು ಸ್ವಾಮಿ? ನಮ್ಮ ಆರೋಗ್ಯ ಕೇಂದ್ರದ ಬಾಗಿಲಿಗೆ ಆಗ ಬೀಗವಿತ್ತು. ಬೀಗದ ಆರೋಗ್ಯ ಮಾತ್ರ ಬಲು ಚೆನ್ನಾಗಿತ್ತು.

ಅದು ನದಿ ಇನ್ನೂ ಗಟ್ಟಿಯಾಗಿ ಮಲಗಿದ್ದ ಸಮಯ. ಮಂಜುಗಡ್ಡೆ ಯಾವ ದಿನ ಒಡೆಯುತ್ತದೆ ಎಂಬ ವರ್ಷದ ಬಾಜಿಗೆ ದಿನ ಬಾಕಿ ಇತ್ತು, ಜನಕ್ಕೆ ಕೈ ತುರಿಸುತ್ತಿತ್ತು. ಕೆಂಪು ಯಾವ ದಿನ ಮಾಯವಾಗುತ್ತದೆ ಎಂದು ಬಾಜಿ ಶುರುಮಾಡಿದವನು, ವಿನಯದಿಂದ ಹೇಳುತ್ತೇನೆ, ನಾನೇ. ಊರಿಗೆ ಊರೇ ದುಡ್ಡು ಕಟ್ಟಿತು. ದಿನವೂ ಯಾರೋ ಒಬ್ಬರು ಒಣಮಾಂಸದ ಪೊಟ್ಟಣ ಹಿಡಿದು ಎಫಿಯ ಅಡುಗೆಮನೆಗೆ ಬಂದು, ಚಹಾ ಕುಡಿದು, ಎಡಗಣ್ಣನ್ನು ಪರೀಕ್ಷಿಸಿ ಹೋಗುತ್ತಿದ್ದರು.

"ಮಾವ, ನೀವು ಮಗೂನ ನೋಡೋಕೆ ಬರ್ತೀರೋ, ನದೀನ ನೋಡೋಕೆ ಬರ್ತೀರೋ?" ಎಂದು ಲೋರ್ನಾ ಸಿಡುಕಿದಳು.

"ಎರಡೂ ಒಂದೇ ಕಣೇ. ಎರಡೂ ನನ್ನ ಮಾತು ಕೇಳ್ತವೆ" ಎಂದೆ.

ನಾನು ಹೇಳಿದ ದಿನ ಬಂತು. ಕೆಂಪು ಹೋಗಿದೆ ಎಂದೆ ನಾನು. ಒಂದೆಳೆ ಉಳಿದಿದೆ ಎಂದ ಮುದುಕ ಏಬ್. ಆ ದಿನಕ್ಕೆ ಕೆಂಪು ಹೋಗುವುದಿಲ್ಲ ಎಂದು ನನ್ನ ಎದುರು ದುಡ್ಡು ಕಟ್ಟಿದವನು ಅವನು.

"ಕಣ್ಣಿಗೆ ಪೊರೆ ಬಂದಿದೆಯೇನೋ ನಿಂಗೆ?" ಎಂದೆ.

"ನನ್ನ ಕಣ್ಣಿನ ಮಾತು ಬಿಡೋ ವಿಲ್ಬರ್ಟ್, ನಿನ್ನ ನಾಲಿಗೆಗೆ ಪೊರೆ ಬಂದಿದ್ರೆ ಊರು ತಣ್ಣಗಿರ್ತಿತ್ತು."

ಜಗಳ ತೀರಲಿಲ್ಲ. ಆ ವಾರವಷ್ಟೇ ಆರೋಗ್ಯ ಕೇಂದ್ರದ ಬೀಗ ತೆಗೆಸಿದ್ದ ಹೊಸ ನರ್ಸ್ ನೊರೀನ್ ಅವರನ್ನು ತೀರ್ಪುಗಾರ್ತಿಯಾಗಿ ಕರೆತಂದೆವು. ಆಕೆ ತಲೆ ತಲೆ ಚಚ್ಚಿಕೊಂಡೇ ಬಂದರು. "ಪರದೆ ಎಳೀರಿ" ಎಂದು ಕಣ್ಣು ನೋಡುವ ದೀಪ ತೆಗೆದರು. ಮೊದಲು ಎಡಗಣ್ಣು. "ಒಂದೆಳೆ ಇದೆ. ಒಳಗೆಲ್ಲ ಚೆನ್ನಾಗಿದೆ. ಏಬ್ ಗೆದ್ರು." ಏಬ್ ಮೇಜು ಕುಟ್ಟಿದ. ನಾನು ಮೇಲ್ಮನವಿ ಶುರುಮಾಡಿದೆ. ಆಕೆ ರೂಢಿಯಂತೆ ದೀಪವನ್ನು ಬಲಗಣ್ಣಿನ ಕಡೆ ತಿರುಗಿಸಿದರು.

"ವಿಲ್ಬರ್ಟ್, ಸ್ವಲ್ಪ ಸುಮ್ಮನಿರ್ತೀರಾ?"

ಸುಮ್ಮನಾದೆ. ನನ್ನ ಆಯುಷ್ಯದಲ್ಲಿ ಅದು ಮೊದಲ ಸಲ.

"ಲೋರ್ನಾ, ಇಲ್ಲಿ ಬಾಮ್ಮ. ದೀಪ ಬಿಟ್ಟಾಗ ಎಡಗಣ್ಣು ಒಳಗಿಂದ ಕೆಂಡದ ಥರ ಹೊಳೀತು ಅಲ್ವಾ? ಈ ಕಣ್ಣು ನೋಡು. ಹೊಳೀತಾನೇ ಇಲ್ಲ. ಮಬ್ಬು ಹಿಡಿದ ಕಿಟಕಿ ಥರ ಬೆಳ್ಳಗಿದೆ."

"ಆದ್ರೆ ಪೆಟ್ಟಾಗಿದ್ದು ಆ ಕಣ್ಣಿಗಲ್ವಾ?" ಎಂದಳು ಲೋರ್ನಾ.

ಪೆಟ್ಟಾದ ಕಣ್ಣಿಗೆ ಏನೂ ಆಗಿರಲಿಲ್ಲ. ಹುಟ್ಟುವಾಗಲೇ ಪೊರೆ ಹೊತ್ತುಬಂದ ಕಣ್ಣು ಸದ್ದಿಲ್ಲದೆ ಪಕ್ಕದಲ್ಲಿ ಕೂತಿತ್ತು. ಇಡೀ ಊರು ದಿನವೂ ಒಂದೇ ಕಣ್ಣನ್ನು ನೋಡಿತ್ತು. ಏಬ್ ಗೆದ್ದ ದುಡ್ಡನ್ನು ಮೇಜಿನ ಮೇಲೇ ಬಿಟ್ಟು ಟೋಪಿ ಕೈಗೆತ್ತಿಕೊಂಡ. ಮರುದಿನದ ವಿಮಾನಕ್ಕೆ ತಾಯಿ ಮಗು ದಕ್ಷಿಣದ ಪಟ್ಟಣಕ್ಕೆ ಹೋದರು. ಶಸ್ತ್ರಚಿಕಿತ್ಸೆಯಾಯಿತು. ಇನ್ನೂ ತಡವಾಗಿದ್ದರೆ ಆ ಕಣ್ಣು ನೋಡುವುದನ್ನು ಕಲಿಯುತ್ತಲೇ ಇರಲಿಲ್ಲವೇನೋ ಎಂದರು ಅಲ್ಲಿಯ ವೈದ್ಯರು. ಈಗ ಅವಳ ಒಳ್ಳೆಯ ಕಣ್ಣಿಗೆ ದಿನಾ ಒಂದಷ್ಟು ಹೊತ್ತು ಪಟ್ಟಿ ಕಟ್ಟಿ, ಬಲಗಣ್ಣಿಗೆ ಪಾಠ ಮಾಡಿಸುತ್ತಾರೆ. ಎಷ್ಟು ಕಲಿಯುತ್ತದೋ ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಊರಲ್ಲಿ ಯಾರೂ ಬಾಜಿ ಕಟ್ಟಿಲ್ಲ.

ನಾನು ಕೇಳಿದಾಗ ನಿಮ್ಮ ಕಚೇರಿ ಕೊಟ್ಟ ಉತ್ತರ: "ಮಗುವಿನ ಕಣ್ಣುಗಳನ್ನು ನೋಡಲಾಗಿದೆ." ಭಲೇ! ನಾನೂ ನೋಡಿದ್ದೆ. ಏಬ್ ನೋಡಿದ್ದ. ಅಂಗಡಿಯವನ ನಾಯಿಯೂ ನೋಡಿತ್ತು. ನಾನು ಕಲಿತದ್ದು ಊರ ಶಾಲೆಯಲ್ಲಿ ಆರು ತರಗತಿ. ಆದರೂ ಮುಖ ನೋಡುವುದಕ್ಕೂ ದೀಪ ಹಿಡಿದು ಒಳಗೆ ನೋಡುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿಯುತ್ತದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಅಂಗೈಯಗಲದ ಒಂದು ದೀಪಕ್ಕೆ ಒಂದು ನಿಮಿಷ ಬಿಡುವಿರಲಿಲ್ಲವೇ? ರೆಪ್ಪೆಯ ಊತ ಇಳಿಯುವವರೆಗೆ ಇನ್ನೆರಡು ದಿನ ಇರಿಸಿಕೊಂಡಿದ್ದರೆ ಹಾಸಿಗೆ ಸವೆಯುತ್ತಿತ್ತೇ?

ಮುಂದಿನ ತಿಂಗಳು ಏಬ್‌ನ ಮೊಮ್ಮಗಳು ಹೆರಿಗೆಗೆ ನಿಮ್ಮಲ್ಲಿಗೆ ಬರುತ್ತಾಳೆ. ಮಗು ಸಲೀಸಾಗಿ ಹುಟ್ಟಿ, ಕಣ್ಣಿನಲ್ಲಿ ಒಂದು ಚುಕ್ಕೆ ಕೆಂಪೂ ಇಲ್ಲದಿದ್ದರೆ ನಮ್ಮ ಗತಿ ಏನು? ಕೆಂಪಿಲ್ಲ, ಬಾಜಿ ಇಲ್ಲ. ಬಾಜಿ ಇಲ್ಲ, ಜಗಳ ಇಲ್ಲ. ಜಗಳ ಇಲ್ಲದೆ ದೀಪ ಎಲ್ಲಿಂದ ಬರಬೇಕು? ಆದ್ದರಿಂದ ನನ್ನ ಒತ್ತಾಯ: ಹುಟ್ಟಿದ ಪ್ರತಿ ಕೂಸಿನ ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡದೆ ವಿಮಾನ ಹತ್ತಿಸಬೇಡಿ. ಅದು ನಿಮ್ಮಿಂದ ಆಗದಿದ್ದರೆ, ಪ್ರಾಂತ್ಯದ ಪ್ರತಿ ಊರಿನಲ್ಲೂ ಜೂಜು ಕಡ್ಡಾಯ ಎಂದು ಆದೇಶ ಹೊರಡಿಸಿ, ಮೇಲ್ವಿಚಾರಣೆಗೆ ನಾನಿದ್ದೇನೆ.

ದೀಪ ಕಾಣದೆ ಮನೆಗೆ ಹೋದ ಕೂಸುಗಳು ಎಷ್ಟು ಎಂದು ಇದೇ ಪತ್ರಿಕೆಯಲ್ಲಿ ನಿಜ ಹೇಳಿ. ನಿಜ ಹೇಳಲು ನಿಮಗೆ ಮುಜುಗರವಾದೀತೆಂದು ಮೊದಲು ನಾನೇ ಶುರುಮಾಡುತ್ತೇನೆ. ಆ ಬಾಜಿಯಲ್ಲಿ ಮೂವತ್ತು ಡಾಲರ್ ಹೋಯಿತೆಂದು ನನ್ನ ಹೆಂಡತಿ ಬರ್ತಾಗೆ ಹೇಳಿದ್ದೆ. ದೋಣಿಯ ಎಂಜಿನ್ನಿಗೆಂದು ಅವಳು ಕೂಡಿಟ್ಟಿದ್ದರಲ್ಲಿ ಹೋದದ್ದು ಆರುನೂರ ನಲವತ್ತು.

ಇಂತಿ,
ಈ ಪತ್ರಿಕೆ ಬರ್ತಾಳ ಕೈ ಸೇರುವ ಮೊದಲು ದೂರದ ಮೀನು ಹಿಡಿಯುವ ಬಿಡಾರ ತಲುಪಲೆಂದು, ಎಂಜಿನ್ ಇಲ್ಲದ ದೋಣಿಯಲ್ಲಿ ಹುಟ್ಟು ಹಾಕುತ್ತಿರುವ
ವಿಲ್ಬರ್ಟ್ ಮಾವ