ಎಡಗಿವಿಯ ಎರಡು ಕಚ್ಚು

ಬೆಳುಂಕಿ
ತಾ. 9 ಡಿಸೆಂಬರ್ 2024, ಸೋಮವಾರ

ಚಿರಂಜೀವಿ ಸ್ವಪ್ನಾಲಿಗೆ,

ನಿನ್ನ ಬೀರದೇವ ಮಾಮಾನ ಆಶೀರ್ವಾದ. ನಿನ್ನ ಪತ್ರ ಬಂದು ಎರಡು ತಿಂಗಳಾತು. ಫೋನ್ ಮಾಡಿದಾಗೆಲ್ಲ ಬರೀತೀನಿ ಬರೀತೀನಿ ಅಂತ ಸಾಗಹಾಕಿದೆ, ಸಿಟ್ಟಾಗಬ್ಯಾಡ. ನೀ ಕೇಳಿದ್ದು ಒಂದ ಸಾಲಿನ ಮಾತು, ಅವ್ವ ಮಂದಿರದ ಆ ಚಿತ್ರದ ಮ್ಯಾಲ ತನ್ನ ಹೆಸರು ಯಾಕ ಬರೀಲಿಲ್ಲ ಅಂತ. ಅದಕ್ಕ ಆಮ್ಯಾಲ ಬರ್ತೀನಿ. ಮೊದಲ ಸುದ್ದಿ ಕೇಳು. ನಿನ್ನೆ ಐತವಾರ ಧನಾಜಿ ಪ್ರಾಧ್ಯಾಪಕನ ಸೊಕ್ಕು ಇಳಿಸಿ ಬಂದೆ.

ಅವನ ಬಗ್ಗೆ ನಿನಗ ಅರ್ಧಾನ ಹೇಳೀನಿ. ಕ್ರಿಸ್ತರ ಚಿತ್ರದಾಗ ಯಾವುದಕ್ಕ ಏನರ್ಥ ಅಂತ ಅಭ್ಯಾಸ ಮಾಡೋ ಮನುಷ್ಯ. ಮೂರು ವರ್ಷದ ಹಿಂದ ನಮ್ಮೂರ ಸಂಖ ದಾರಿಯ ಪ್ರಾರ್ಥನಾ ಮಂದಿರಕ್ಕ ಬಂದ. ಗ್ವಾಡಿ ಮ್ಯಾಲ ಕುರಿಮರಿ ಹೊತ್ತು ನಿಂತ ಯೇಸುವಿನ ಚಿತ್ರ ನೋಡಿ ಹುಚ್ಚಾದ. ಪಾಸ್ಟರ ಸಂಭಾಜಿಯವರು ಅವನ್ನ ನಮ್ಮ ಮನಿಗೆ ಕರಕೊಂಡು ಬಂದರು. ಯಾಕಂದ್ರ ನಾಕನೇ ಇಯತ್ತೆ ಕಲಿತ ಈ ಕುರುಬ ಮಂದಿರದ ಕಪಾಟಿನ ಪುಸ್ತಕ ಎಲ್ಲಾ ಓದಿ, ಕೀಲಿಕೈ ಹಿಡದಾಂವ ಪೇತ್ರ, ಗರುಡ ಅಂದ್ರ ಯೋಹಾನ, ನವಿಲು ಅಂದ್ರ ಸಾವಿಲ್ಲದ ಬಾಳು ಅಂತ ಒಂದು ವಹಿ ತುಂಬ ಬರದಿಟ್ಟಿದ್ದೆ. ನಾಕ ದಿನ ನಮ್ಮಲ್ಲಿ ಝುಣಕ ರೊಟ್ಟಿ ಉಂಡ. ಓದಿ ಕೊಡ್ತೀನಿ ಅಂತ ವಹಿ ಒಯ್ದ, ಕೊಡಲಿಲ್ಲ. ಅದೂ ಹೋಗಲಿ.

ಚಿತ್ರ ಬರದಾಕಿ ನನ್ನ ತಂಗಿ ಸಿದ್ದವ್ವ ಅಂತ ನಿನ್ನ ಅವ್ವನ ಹೆಸರು ಹೇಳಿದೆ. ಅಲ್ಲೇ ಮಂದಿರದಾಗ ಕಸ ಹೊಡೀತಿದ್ದಳು, ಮಿಶನ್ ಮೇಡಂ ಉಳಿದ ಬಣ್ಣ ಕೊಟ್ಟರು, ಅಂಗೈ ಅಗಲದ ಯೇಸುವಿನ ಕಾರ್ಡ್ ನೋಡಿ ಬರದಳು, ಮರಿ ಮಾತ್ರ ನಮ್ಮ ಹಿಂಡಿಂದು ಅಂತ ಎಲ್ಲಾ ಬಿಡಿಸಿ ಹೇಳಿದೆ. ಅಂವ ನಕ್ಕ. “ಕಾಕಾ, ಸಹಿ ಎಲ್ಲೈತಿ ತೋರಸ್ರಿ” ಅಂದ. ಆ ನಗು ನನ್ನ ಎದಿಯಾಗ ಮುಳ್ಳಾಗಿ ಉಳೀತು.

ಈ ವರ್ಷ ಸಂಕ್ರಮಣದ ಹೊತ್ತಿಗೆ ಫೋನಿನ್ಯಾಗ ತನ್ನ ಪುಸ್ತಕದ ಒಂದು ಪ್ರಕರಣ ಓದಿ ಹೇಳಿದ. ಮರಿಯ ಎಡಗಿವಿಗೆ ಎರಡು ಕಚ್ಚು ಅದಾವಲ್ಲ, ಅವು ಯೇಸು ದೇವರೂ ಹೌದು ಮನುಷ್ಯನೂ ಹೌದು ಅನ್ನೋ ಎರಡು ಸ್ವಭಾವದ ಸಂಕೇತವಂತ. ಮೂಗು ಬಾಗಿದ್ದು ವಿನಯವಂತ. ಇಷ್ಟು ಆಳದ ಮಾತು ಹಳ್ಳಿಯವರ ಕೈಯಿಂದ ಬರೋದಲ್ಲ, ಬರದಾಂವ ಹೊರದೇಶದಾಗ ಕಲಿತ ಮಿಶನರೀನ ಇರಬೇಕಂತ. ಹೆಂಗೈತಿ ಕಾಕಾ ಅಂದ. ಭಾಳ ಚಲೋ ಐತ್ರಿ, ಛಾಪಸ್ರಿ ಅಂದೆ.

ಅವತ್ತ ತಿದ್ದಬಹುದಿತ್ತು, ಎರಡು ಮಾತಿನ ಕೆಲಸ. ತಿದ್ದಲಿಲ್ಲ. ಅಚ್ಚಾಗಲಿ, ಹಾರ ಬೀಳಲಿ, ಮಂದಿ ಮುಂದ ನಿಂದರಲಿ ಅಂತ ಹನ್ನೊಂದು ತಿಂಗಳು ಕಾದೆ. ದೀಪಾವಳಿಗೆ ಹುಟ್ಟಿದ ಮರಿಗಳೊಳಗ ಚಿತ್ರದಾಗಿನ ಮರಿಗಿದ್ದ ಅದ ಕಂದು ಮಚ್ಚಿದು ಒಂದು ಆರಿಸಿ ಕಿವಿ ಕೊಯ್ದಿಟ್ಟೆ. ಮಾಡಗ್ಯಾಳದಿಂದ ನಾಕು ಮಂದಿ ಹಿರೇ ಕುರುಬರನ್ನ ಕರೆಸಿದೆ.

ಪುಸ್ತಕದ ಸಮಾರಂಭ ಮಂದಿರದಾಗ, ಚಿತ್ರದ ಮುಂದ. ಪ್ರಾಧ್ಯಾಪಕ ಶಾಲು ಹೊದ್ದು, ಕೋಲಿನಿಂದ ಕಿವಿ ತೋರಿಸಿ ಎರಡು ಸ್ವಭಾವ ಅನ್ನೋದಕ್ಕೂ ನಾ ಏಳೋದಕ್ಕೂ ಸರಿಹೋತು. ಹೊರಗ ಕಟ್ಟಿದ್ದ ಮರಿ ಹೆಗಲ ಮ್ಯಾಲ ಹಾಕ್ಕೊಂಡು, ನಾಕೂ ಕಾಲು ಒಂದ ಕೈಯಾಗ ಹಿಡದು ಚಿತ್ರದ ಬಾಜೂಕ ಹೋಗಿ ನಿಂತೆ. ಅದ ಮೂಗು, ಅದ ಮಚ್ಚಿ, ಎಡಗಿವಿಗೆ ಅವ ಎರಡು ಕಚ್ಚು.

“ಸರ್, ಇದರಾಗೂ ಎರಡು ಸ್ವಭಾವ ಅದಾವೇನ್ರಿ?”

ಮಾಡಗ್ಯಾಳದ ಒಬ್ಬ ಮುದುಕ ಕುಂತಲ್ಲಿಂದಾನ, ಅದು ಬೀರದೇವನ ಮನಿ ಗುರುತರೀ, ತಪ್ಪಿಸಿಕೊಂಡ್ರ ಸಿಗಲಿ ಅಂತ ಕೊಯ್ತಾರ, ನಮ್ಮದು ಬಲಗಿವಿ ತುದಿ ಅಂದ. ಇನ್ನೊಬ್ಬ, ನಮ್ಮ ಕಡೆ ಕುರಿಗೆಲ್ಲ ಮೂಗು ಬಾಗೇ ಇರ್ತೈತಿ, ವಿನಯ ಒಂದಕ್ಕೂ ಇಲ್ಲ ಅಂದ. ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಹೊರದೇಶದವರಿಗೆ ಬೀರದೇವನ ಮನಿ ಗುರುತು ಹೆಂಗ ಗೊತ್ತಾತ್ರಿ ಅಂತ ಪಾಸ್ಟರ ಕೇಳಿದರು. ಪ್ರಾಧ್ಯಾಪಕ ನನ್ನ ಹತ್ತಿರ ಬಂದು ಸಣ್ಣ ದನಿಯಾಗ, ಅವತ್ತ ಫೋನಿನ್ಯಾಗ ಹೇಳಬಹುದಿತ್ತಲ್ಲ ಕಾಕಾ ಅಂದ.

“ನೀವು ಸಹಿ ಕೇಳಿದ್ರಿ. ಇದ ಸಹಿ” ಅಂದೆ.

ಅಷ್ಟರಾಗ ಮರಿ ಅವನ ಶಾಲಿನ ಮ್ಯಾಲ ಉಚ್ಚಿ ಹೊಯ್ತು. ಅದನ್ನ ನಾ ಕಲಿಸಿರಲಿಲ್ಲ.

ಖುಷಿ ಆತು, ಸುಳ್ಳು ಯಾಕ ಹೇಳಲಿ. ಮನಿಗೆ ಬಂದು ಒಂದು ರೊಟ್ಟಿ ಹೆಚ್ಚ ಉಂಡೆ. ಚಿತ್ರದ ಕೆಳಗ ನಿನ್ನ ಅವ್ವನ ಹೆಸರಿನ ಹಲಗಿ ಹಾಕ್ತೀವಿ ಅಂತ ಪಾಸ್ಟರ ಅಂದಾರ, ಇದೇ 25ಕ್ಕ, ಯೇಸು ಹುಟ್ಟಿದ ನಾತಾಳ ಹಬ್ಬದ ದಿನ. ಸೋಲಾಪುರದಿಂದ ಮುಂಜಾನಿ ಗಾಡಿಗೆ ಬಾ, ಅಳಿಯಂದಿರನ್ನೂ ಕರಕೊಂಡು ಬಾ. ನಿನ್ನ ಮನಿ ತುಂಬಿರಲಿ, ನಿನ್ನ ಕೈ ಮಾಡಿದ ಕೆಲಸಕ್ಕ ನಿನ್ನ ಹೆಸರು ಉಳೀಲಿ.

ನಿನ್ನ ಸೋದರಮಾವ
ಬೀರದೇವ

ತಾ.ಕ.: ನಿನ್ನ ಪ್ರಶ್ನೆ ಉಳೀತು. ನಿನ್ನ ಅವ್ವ ಹೆಸರು ಬರದಿದ್ದಳು. ಯೇಸುವಿನ ಬಲಗಾಲ ಹತ್ತಿರ, ಬಿಳಿ ಬಣ್ಣದಾಗ. ಆಗ ನಿನ್ನ ಅಪ್ಪನ ಕಡೆಯವರು ಹೆಣ್ಣು ನೋಡಾಕ ಬರೋರಿದ್ದರು. ಹುಡುಗಿ ಜಾತಿ ಬಿಟ್ಟಾಳ ಅಂತಾರ ಅನ್ನೋ ಅಂಜಿಕಿಗೆ, ಅಕಿ ಇಲ್ಲದಾಗ ಹೋಗಿ, ಅಕಿ ಬಣ್ಣಾನ ತಗೊಂಡು ಆ ಹೆಸರಿನ ಮ್ಯಾಲ ನಾ ಹುಲ್ಲು ಬರದೆ. ಮರುದಿನ ನನ್ನ ಉಗುರಾಗಿನ ಬಣ್ಣ ನೋಡಿ, “ಹುಲ್ಲು ಚಲೋ ಬರದೀ ಅಣ್ಣಾ” ಅಂದಳು, ಅಷ್ಟ. ಸಾಯೋತನಕ ಕುಂಚ ಮುಟ್ಟಲಿಲ್ಲ. ಪ್ರಾಧ್ಯಾಪಕ ಸಹಿ ತೋರಸ್ರಿ ಅಂದಾಗ ಅದು ಎಲ್ಲೈತಿ ಅಂತ ನನಗ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅವನ ಮ್ಯಾಲ ಹನ್ನೊಂದು ತಿಂಗಳು ಹಲ್ಲು ಮಸದಾಂವ, ನನಗ ನಾನ ಮೂವತ್ತೆಂಟು ವರ್ಷ ಮಾಫಿ ಕೊಟ್ಕೋತ ಬಂದೀನಿ. 25ಕ್ಕ ಬರುವಾಗ ಒಂದು ಬ್ಲೇಡು ತಾ. ಪ್ರಾಧ್ಯಾಪಕನನ್ನೂ ಬರಾಕ ಹೇಳೀನಿ. ಎಲ್ಲಾರೂ ಕುಂತ ಮ್ಯಾಲ ಆ ಹುಲ್ಲು ನೀನ ಕೆರಿ, ಅದನ್ನ ಬರದಾಂವ ಯಾರು ಅಂತ ನೀನ ಹೇಳು. ನಾ ಮುಂದಿನ ಸಾಲಿನ್ಯಾಗ ಕುಂತಿರ್ತೀನಿ. ಮಾಮಾ ಅಂತ ಬಿಡಬ್ಯಾಡ.